ಅರ್ಜಿ ತೂಗುವವರಿಗೆ ಕಾಡು ಗೊತ್ತಿರಲಿ

ಬುಟ್ಟಿ ಹೆಣೆಯಲು ಬಿದಿರೇ ಸಿಗುತ್ತಿಲ್ಲ, ಎಲ್ಲವನ್ನೂ ಕಾಗದದ ಕಾರ್ಖಾನೆಗಳು ನುಂಗುತ್ತಿವೆ ಎಂದು 1970ರ ದಶಕದಲ್ಲಿ ಮೇದಾರರು ಸರ್ಕಾರಕ್ಕೆ ದೂರಿದರು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿಗೆ ಆಗ ಉತ್ತರ ಕನ್ನಡದ ಬಿದಿರೇ ಮುಖ್ಯ ಕಚ್ಚಾಮಾಲು. ಊರವರ ದನಗಳೇ ಬಿದಿರಿಗೆ ಮುಳುವು ಎಂಬ ವಾದವೂ ಇತ್ತು. ನಿಜ ಯಾವುದೆಂದು ನೋಡುವ ಹೊಣೆ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಬಂತು.

ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಸಲೀಸಾಗಿ ಬೆಳೆಯುತ್ತದೆ ಎಂಬುದು ಕಡಿಸುವವರ ಲೆಕ್ಕ. ಮುಳ್ಳು ಹೋದರೆ ಕಳಲೆ ದನ, ಮುಳ್ಳುಹಂದಿಗಳ ಪಾಲು ಎಂದರು ಹಳ್ಳಿಯವರು. ಗಾಡ್ಗೀಳರು ಅವರ ಮಾತನ್ನು ತಳ್ಳಿಹಾಕಲಿಲ್ಲ, ಕೇಳಿದೊಡನೆ ಒಪ್ಪಲೂ ಇಲ್ಲ. ಎಸ್. ನರೇಂದ್ರ ಪ್ರಸಾದರೊಡನೆ ಕಾಡಿನಲ್ಲೇ ಪರೀಕ್ಷಿಸಿದರು. ಹಳ್ಳಿಯವರೇ ಸರಿ ಎಂದಾಯಿತು. 1981ರಲ್ಲಿ ಪ್ರಸಾದ್ ಮತ್ತು ಗಾಡ್ಗೀಳರ ಬಿದಿರಿನ ವರದಿಯನ್ನು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಪ್ರಕಟಿಸಿತು.

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಹಣ ಕೊಡುವುದೂ ಇದೇ ಮಂಡಳಿ. ಬಂದ ಪ್ರಸ್ತಾವನೆಗಳನ್ನು ತಜ್ಞರು ನೋಡಿ ಆರಿಸುತ್ತಾರೆ. ಉತ್ತರ ಕನ್ನಡದ ಹಳಿಯಾಳದಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ಗೋವಿನಜೋಳದ ಹೊಲಕ್ಕೆ ನುಗ್ಗುವ ಆನೆಯನ್ನು ತಡೆಯುವ ಯಂತ್ರಕ್ಕೆ ಅಲ್ಲಿನ ಹುಡುಗರು ಹಣ ಕೇಳಿದರು ಎನ್ನೋಣ. ಸೆನ್ಸರ್ ಸರಿಯಿದೆಯೇ ಎಂದು ಪ್ರಾಧ್ಯಾಪಕರು ಹೇಳಬಲ್ಲರು. ಮಳೆಯ ರಾತ್ರಿಯಲ್ಲಿ ಅದು ಕೆಲಸ ಮಾಡೀತೇ, ಆನೆ ಯಾವ ದಾರಿಯಲ್ಲಿ ಬಂದೀತು ಎಂದು ಹೇಳಲು ಮುಂಡಗೋಡದಲ್ಲಿ ಅಟ್ಟಣೆ ಕಟ್ಟಿ ಬೆಳೆ ಕಾಯುವ ರೈತನೇ ಬೇಕು. ಇಬ್ಬರೂ ಒಂದೇ ಮೇಜಿನಲ್ಲಿ ಕೂರಬೇಕು ಎಂಬುದು ನನ್ನ ವಾದ. ಆ ಯಂತ್ರ ಮಾರುವವನಾಗಲಿ, ಅರ್ಜಿ ಹಾಕಿದ ಹುಡುಗರ ಮೇಷ್ಟ್ರಾಗಲಿ ಆ ಮೇಜಿನ ಹತ್ತಿರ ಸುಳಿಯಬಾರದು.

ಕಾಡಿನ ಅರಿವಿಗೆ ಹೆಸರಾದ, ಅದೇ ಜಿಲ್ಲೆಯ ಜೋಯಿಡಾದ ಮಹಾದೇವ ವೇಳಿಪರಿಗೆ 2021ರಲ್ಲಿ ಪರಿಸರ ವಿಭಾಗದ ರಾಜ್ಯೋತ್ಸವ ಪ್ರಶಸ್ತಿ ಬಂತು. ಪ್ರಶಸ್ತಿಗೆ ಅರ್ಹವೆನಿಸಿದ ಅರಿವು ಪರಿಶೀಲನೆಯ ಸಮಿತಿಗೆ ಏಕೆ ಸಾಲದು? ಜೋಯಿಡಾದ ಗಡ್ಡೆ-ಗೆಣಸಿನ ಮೇಲೆ ಸಂಶೋಧನೆಗೆಂದು ಲಕ್ಷಗಟ್ಟಲೆ ಕೇಳುವ ಅರ್ಜಿ ಬಂದರೆ, ತೋಟಗಾರಿಕೆ ವಿಜ್ಞಾನಿಯ ಜೊತೆಗೆ ಅದನ್ನು ಹಿತ್ತಲಲ್ಲಿ ಬೆಳೆಯುವ ಕುಣಬಿ ಸಮುದಾಯದ ಹೆಂಗಸೂ ಅಂಕ ಹಾಕಬೇಕು. ಬೀಜದ ಗಡ್ಡೆ ಯಾವ ತಿಂಗಳು ಮಣ್ಣಿಗಿಳಿಯಬೇಕೆಂದು ಗೊತ್ತಿಲ್ಲದೆ ಮಾಡಿದ ವೇಳಾಪಟ್ಟಿಯನ್ನು ಆಕೆ ಮೊದಲ ಪುಟದಲ್ಲೇ ಹಿಡಿದಾಳು.

ಇದಕ್ಕೆ ದೊಡ್ಡ ಕಾನೂನೇನೂ ಬೇಡ. ಇಂಗ್ಲಿಷ್ ಅರ್ಜಿಯ ಸಾರವನ್ನು ಕನ್ನಡದಲ್ಲಿ, ಆಕೆಗೆ ಕೊಂಕಣಿಯೇ ಹಗುರವಾದರೆ ಕೊಂಕಣಿಯಲ್ಲಿ, ಓದಿ ಹೇಳಲಿ. ಸಭೆ ಜೋಯಿಡಾದಲ್ಲೇ ನಡೆಯಲಿ. ಪ್ರಾಧ್ಯಾಪಕರಿಗೆ ಕೊಡುವಷ್ಟೇ ಗೌರವಧನವನ್ನು ಆಕೆಗೂ ಕೊಡಲಿ, ಆಕೆ ಕೊಟ್ಟ ಕಾರಣಗಳನ್ನು ನಡಾವಳಿಯಲ್ಲಿ ಆಕೆಯ ಹೆಸರಿನಲ್ಲೇ ಬರೆಯಲಿ.