ಹಳ್ಳಿಯ ಮನೆಬಾಗಿಲಿಗೆ ಹೋದ ಕ್ಯಾನ್ಸರ್ ಸಂಶೋಧನೆ

ಮೊಣಕಾಲು ನೋವಿಗೆಂದು ವರ್ಷಕ್ಕೆ ನಾಲ್ಕೈದು ಸಲ ನನ್ನ ದವಾಖಾನೆಗೆ ಬರುತ್ತಿದ್ದ ತಾಯಿಯೊಬ್ಬರು ಒಂದು ದಿನ ಸೊಸೆಯನ್ನು ಹೊರಗೆ ಕೂಡಿಸಿ ಬಂದು ಮೆಲ್ಲಗೆ ಹೇಳಿದರು: ‘ಡಾಕ್ಟರ್ರ, ಮುಟ್ಟ ನಿಂತು ಮೂರ ವರ್ಷ ಆತ್ರಿ. ಈಗ ಮತ್ತ ಕಾಣಾಕತ್ತೈತ್ರಿ. ಯಾರ ಮುಂದ ಹೇಳಲಿ ಅಂತ ಸುಮ್ನಿದ್ದೆ.’ ಹಾಗೆ ಸುಮ್ಮನಿದ್ದದ್ದು ಎಂಟು ತಿಂಗಳು. ಹುಬ್ಬಳ್ಳಿಗೆ ಕಳಿಸಿದೆ. ಗರ್ಭಕೊರಳಿನ ಕ್ಯಾನ್ಸರ್ ಆಗಲೇ ಸುತ್ತಲಿನ ಭಾಗಕ್ಕೆ ಹಬ್ಬಿತ್ತು. ಅವರು ಹೇಳಲಿಲ್ಲ ನಿಜ. ಆದರೆ ಅಷ್ಟು ಸಲ ಮೊಣಕಾಲು ನೋಡಿದ ನಾನೂ ಒಮ್ಮೆಯೂ ಕೇಳಿರಲಿಲ್ಲ.

ರೋಗಿ ತಾನಾಗಿ ಬಂದು ಹೇಳುವವರೆಗೆ ಕಾಯಬಾರದು, ನಾವೇ ಅವರಿದ್ದಲ್ಲಿಗೆ ಹೋಗಬೇಕು ಎಂಬುದನ್ನು ಲೆಕ್ಕಸಹಿತ ತೋರಿಸಿದ ವೈದ್ಯ ವಿಜ್ಞಾನಿ ಡಾ. ಆರ್. ಶಂಕರನಾರಾಯಣನ್. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ವಿಕಿರಣ ಚಿಕಿತ್ಸೆ ನೀಡುತ್ತಿದ್ದ ಅವರು, ಮುಂದೆ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿದರು. ಊರು ಬದಲಾಯಿತು, ಸಂಶೋಧನೆ ಮಾತ್ರ ನಮ್ಮ ಹಳ್ಳಿಗಳಲ್ಲೇ ನಡೆಯಿತು.

ಮೊದಲು ಬಾಯಿಯ ಕ್ಯಾನ್ಸರ್ ತೆಗೆದುಕೊಳ್ಳಿ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ ಕೆಲಸ ಆರಂಭವಾಯಿತು. ಕೆಲವು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿದರು; ಉಳಿದವುಗಳಲ್ಲಿ ಎಂದಿನ ವ್ಯವಸ್ಥೆಯೇ ಇತ್ತು. 2005ರಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆಯಾಗಿತ್ತು. ದೊಡ್ಡ ಯಂತ್ರವಿಲ್ಲ, ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿದ್ದಷ್ಟೇ!

ಇನ್ನೊಂದು ಅಧ್ಯಯನ ನಡೆದದ್ದು ನಮ್ಮ ಬೀದರ್, ಕಲಬುರಗಿಗಳ ಗಡಿಗೆ ಹೊಂದಿದ ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ. ಮುಂಬೈಯ ಟಾಟಾ ಸ್ಮಾರಕ ಕೇಂದ್ರ ಹಾಗೂ ಸೊಲ್ಲಾಪುರ ಜಿಲ್ಲೆ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಜೊತೆಗಿದ್ದವು. 1999ರಿಂದ 30ರಿಂದ 59 ವರ್ಷದ 1,31,746 ಆರೋಗ್ಯವಂತ ಹೆಂಗಸರನ್ನು ಸೇರಿಸಿಕೊಂಡು, ಊರುಗಳ ಲೆಕ್ಕದಲ್ಲಿ ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ, ಇನ್ನೊಂದಕ್ಕೆ ಪ್ಯಾಪ್ ಪರೀಕ್ಷೆ, ಮತ್ತೊಂದಕ್ಕೆ ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ ಸವರಿ ಬಿಳಿ ಕಲೆ ನೋಡುವ ಪರೀಕ್ಷೆ. ನಾಲ್ಕನೆಯ ಗುಂಪಿಗೆ ತಿಳಿವಳಿಕೆ ಮಾತ್ರ.

ಎಂಟು ವರ್ಷಗಳ ಲೆಕ್ಕ 2009ರಲ್ಲಿ ಪ್ರಕಟವಾಯಿತು. ತಪಾಸಣೆಯಿಲ್ಲದ ಸುಮಾರು 31,000 ಹೆಂಗಸರಲ್ಲಿ 64 ಮಂದಿ ಈ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಎಚ್‌ಪಿವಿ ಪರೀಕ್ಷೆಯ ಸುಮಾರು 34,000 ಮಂದಿಯಲ್ಲಿ ಸತ್ತವರು 34. ಜೀವನದಲ್ಲಿ ಒಂದೇ ಒಂದು ಸಲದ ಪರೀಕ್ಷೆ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತ್ತು. ಉಳಿದೆರಡು ಪರೀಕ್ಷೆಗಳು ಇಲ್ಲಿ ಅಂಥ ಫಲ ತೋರಲಿಲ್ಲ. ಆದರೆ ತಮಿಳುನಾಡಿನ ದಿಂಡಿಗಲ್‌ನಲ್ಲಿ ಅವರದೇ ತಂಡ ಮಾಡಿದ ಅಧ್ಯಯನದಲ್ಲಿ ಅಸಿಟಿಕ್ ಆಮ್ಲದ ಪರೀಕ್ಷೆಯಿಂದ ಸಾವು ಶೇಕಡಾ 35ರಷ್ಟು ಇಳಿದಿತ್ತು.

ತಪಾಸಣೆ ಸಿಗದ ಆ 64 ಮಂದಿಯ ವಿಷಯ ನಿಮ್ಮನ್ನು ಕಾಡಬಹುದು. ನನ್ನನ್ನೂ ಕಾಡಿದೆ. ಒಂದು ಗುಂಪನ್ನು ಹೀಗೆ ಬಿಡುವುದು ನ್ಯಾಯವೇ ಎಂದು ವೈದ್ಯರಲ್ಲೇ ಕಟುವಾದ ಚರ್ಚೆ ನಡೆದಿದೆ. ಹಳ್ಳಿಗಳಲ್ಲಿ ಆಗ ಯಾವ ತಪಾಸಣೆಯೂ ಇರಲಿಲ್ಲ ಎಂಬುದು ಸಂಶೋಧಕರ ಉತ್ತರ. ಆ ಹೆಂಗಸರ ಋಣ ತೀರಬೇಕಾದರೆ ಅವರಿಂದ ಕಲಿತದ್ದು ಎಲ್ಲ ಊರಿಗೂ ತಲುಪಬೇಕು.

ಮೂರನೆಯದು ಲಸಿಕೆಯ ಕಥೆ. 2009ರಲ್ಲಿ ಎಚ್‌ಪಿವಿ ಲಸಿಕೆಯ ಎರಡು ಮತ್ತು ಮೂರು ಡೋಸುಗಳನ್ನು ಹೋಲಿಸುವ ಪ್ರಯೋಗ ಆರಂಭವಾಯಿತು. 2010ರಲ್ಲಿ ಸರ್ಕಾರ ಇಂಥ ಪ್ರಯೋಗಗಳನ್ನೆಲ್ಲ ನಿಲ್ಲಿಸಿತು. ಸುಮಾರು ಐದು ಸಾವಿರ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಒಂದೇ ಡೋಸ್. ತಂಡ ಅವರನ್ನು ಕೈಬಿಡಲಿಲ್ಲ. ವರ್ಷಗಟ್ಟಲೆ ಗಮನಿಸುತ್ತ ಬಂತು. ಹತ್ತು ವರ್ಷದ ನಂತರವೂ ಒಂದೇ ಡೋಸಿನ ರಕ್ಷಣೆ ಗಟ್ಟಿಯಾಗಿತ್ತು. ಒಂದು ಡೋಸ್ ಸಾಕಾಗಬಹುದೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಲು ಈ ಮಾಹಿತಿಯೂ ಆಧಾರವಾಯಿತು.

ಹಾಗಾದರೆ ನೀವೇನು ಮಾಡಬೇಕು? ಮನೆಯಲ್ಲಿ ಮೂವತ್ತು ದಾಟಿದ ಹೆಂಗಸರಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲೋ ಹುಬ್ಬಳ್ಳಿಯಲ್ಲೋ ಗರ್ಭಕೊರಳಿನ ತಪಾಸಣೆ ಮಾಡಿಸಿ. ಎಚ್‌ಪಿವಿ ಪರೀಕ್ಷೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಸಿಗುವ ಪರೀಕ್ಷೆಯನ್ನು ಬಿಡಬೇಡಿ. ದೋಷ ಕಂಡರೆ ಗಾಬರಿ ಬೇಡ. ಕ್ಯಾನ್ಸರ್ ಆಗುವ ಮೊದಲೇ ಆ ಭಾಗವನ್ನಷ್ಟೇ ನಾಶಮಾಡಬಹುದು, ಸಾಮಾನ್ಯವಾಗಿ ಗರ್ಭಚೀಲ ತೆಗೆಸಬೇಕಾಗುವುದಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡಹೆಂಡಿರ ಸಂಪರ್ಕದ ನಂತರ ರಕ್ತ ಹೋದರೆ, ದುರ್ವಾಸನೆಯ ಬಿಳಿಸೆರಗಿದ್ದರೆ ಒಂದು ವಾರವೂ ಕಾಯಬೇಡಿ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಗುಟಕಾ, ತಂಬಾಕು ಹಾಕುವ ಗಂಡಸರು ಕನ್ನಡಿ ಮುಂದೆ ಬಾಯಿ ತೆರೆದು ನೋಡಿಕೊಳ್ಳಿ. ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತೋರಿಸಿ.

ಆ ತಾಯಿ ವಿಕಿರಣ ಚಿಕಿತ್ಸೆ ಮುಗಿಸಿಕೊಂಡು ಈಗ ತಪಾಸಣೆಗೆ ತಪ್ಪದೆ ಹೋಗುತ್ತಾರೆ. ಸೊಸೆಗೆ ಮೂವತ್ತೆರಡು. ಮಗುವಿನ ನೆಗಡಿಗೆಂದು ಬಂದಿದ್ದ ಅವರನ್ನು ಈ ಸಲ ನಾನೇ ಕೇಳಿದೆ, ಪರೀಕ್ಷೆಯೂ ಆಯಿತು. ನಿಮ್ಮ ವೈದ್ಯರು ಕೇಳಲು ಮರೆತರೆ ನೀವೇ ಬಾಯಿ ಬಿಟ್ಟು ಕೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.