ಇರುವ ನಾನು, ಆಗಬಯಸುವ ನಾನು: ನಡುವಿನ ಅಂತರ ಅಳೆಯೋದು ಹೇಗೆ?

ಊರು ಬಿಟ್ಟು ಪಿಎಚ್‌ಡಿಗೆ ಬಂದ ಹೊಸದರಲ್ಲಿ ನಮ್ಮೊಳಗೆ ಇಬ್ಬರಿದ್ದರು. ಪ್ರಯೋಗ ಕೈಕೊಟ್ಟು ಸಪ್ಪೆ ಮೋರೆಯಲ್ಲಿ ಕೂತವರೊಬ್ಬರು, ನಾವು ಕನಸು ಕಂಡಿದ್ದ ವಿಜ್ಞಾನಿ ಇನ್ನೊಬ್ಬರು. ಇವರ ನಡುವಿನ ದೂರವನ್ನು ಅಳೆಯೋಕೆ ಆಗುತ್ತಾ?

1890ರಲ್ಲಿ ವಿಲಿಯಂ ಜೇಮ್ಸ್ ಒಂದು ಸೂತ್ರ ಕೊಟ್ಟರು: ಯಶಸ್ಸನ್ನು ಆಕಾಂಕ್ಷೆಯಿಂದ ಭಾಗಿಸಿದರೆ ಸಿಗೋದೇ ಆತ್ಮಗೌರವ. ಯಶಸ್ಸು ಹೆಚ್ಚಿದರೂ ಅದು ಏರುತ್ತೆ, ಆಸೆ ತಗ್ಗಿದರೂ ಏರುತ್ತೆ.

ಇದನ್ನು ಅಳತೆಗೆ ತಂದವರಲ್ಲಿ ಷಿಕಾಗೋದ ಕಾರ್ಲ್ ರೋಜರ್ಸ್ ಬಳಗ ಮುಖ್ಯ. ಬಟ್ಲರ್ ಮತ್ತು ಹೇಗ್ 1954ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100 ಕಾರ್ಡುಗಳಿದ್ದವು. ಒಂದೊಂದರಲ್ಲೂ ಸ್ವಭಾವದ ಬಗ್ಗೆ ಒಂದು ವಾಕ್ಯ. ಮೊದಲು ‘ನಾನು ಇರೋದು ಹೀಗೆ’ ಅಂತ ಅವನ್ನು 9 ಗುಂಪು ಮಾಡಬೇಕು. ಆಮೇಲೆ ಅದೇ ಕಾರ್ಡುಗಳನ್ನು ‘ನಾನು ಹೀಗಿರಬೇಕು ಅಂತ ಆಸೆ’ ಅಂತ ಮತ್ತೆ ಜೋಡಿಸಬೇಕು. ಎರಡೂ ಜೋಡಣೆ ಪೂರ್ತಿ ಹೊಂದಿದರೆ ಸಹಸಂಬಂಧ 1. ಸಂಬಂಧವೇ ಇಲ್ಲದಿದ್ದರೆ 0.

ಆಪ್ತಸಮಾಲೋಚನೆ ಬಯಸಿ ಬಂದವರ ಸರಾಸರಿ −0.01 ಇತ್ತು, ಸಮಾಲೋಚನೆಯ ನಂತರ 0.34 ಆಯಿತು. ಹೋಲಿಕೆಗೆ ತೆಗೆದುಕೊಂಡ, ಸಮಾಲೋಚನೆ ಬಯಸದವರಲ್ಲಿ 0.58. ಗಮನಿಸಿ, ಅವರಲ್ಲೂ ಅದು 1 ಅಲ್ಲ! ಅಂತರ ಇರೋದೇ ಕಾಯಿಲೆಯಲ್ಲ.

ಮುಂದೆ ಹಲವರು ಸುಲಭದ ದಾರಿ ಹಿಡಿದರು: ಆದರ್ಶಕ್ಕೊಂದು ಅಂಕ, ವಾಸ್ತವಕ್ಕೊಂದು ಅಂಕ, ಕಳೆದರೆ ಅಂತರ. ಲ್ಯಾಬಿನಲ್ಲಿ ಕೆಲಸ ಮಾಡುವ ನಮಗೆ ಇಲ್ಲೇ ಅನುಮಾನ. ಕಳೆಯುವಾಗ ಎರಡೂ ಅಳತೆಗಳ ದೋಷ ಉತ್ತರದಲ್ಲಿ ಸೇರಿಕೊಳ್ಳುತ್ತೆ. ಜೊತೆಗೆ, ಪ್ರಾಮಾಣಿಕ, ಧೈರ್ಯವಂತ, ಚುರುಕು ಹೀಗೆ ಆದರ್ಶ ಬಹುತೇಕ ಎಲ್ಲರಿಗೂ ಒಂದೇ ಥರ. ಆಗ ‘ಅಂತರ’ದ ಅಂಕ ಹೇಳೋದು ಮುಖ್ಯವಾಗಿ ನಮ್ಮನ್ನು ನಾವೀಗ ಹೇಗೆ ನೋಡ್ತೀವಿ ಅನ್ನೋದನ್ನೇ. ಕಾರಣ ಯಾವುದು, ಪರಿಣಾಮ ಯಾವುದು ಅನ್ನೋದೂ ಅದರಿಂದ ಗೊತ್ತಾಗಲ್ಲ. ಮನಸ್ಸು ಕುಗ್ಗಿದ ದಿನ ‘ಇರುವ ನಾನು’ ಕೂಡ ಚಿಕ್ಕದಾಗಿ ಕಾಣುತ್ತೆ.

1987ರಲ್ಲಿ ಟೋರಿ ಹಿಗಿನ್ಸ್ ಇನ್ನೊಂದು ಪ್ರಶ್ನೆ ಸೇರಿಸಿದರು: ಆ ಎರಡನೆಯವರು ನಾವು ಆಗಬಯಸಿದವರೋ, ಆಗಲೇಬೇಕು ಅಂತ ಹೊರೆ ಹೊತ್ತವರೋ? ಅವರ ಸಿದ್ಧಾಂತದ ಪ್ರಕಾರ ಮೊದಲನೆಯ ಅಂತರ ಬೇಸರ, ನಿರಾಸೆಯ ಕಡೆ ಎಳೆಯುತ್ತೆ; ಎರಡನೆಯದು ಆತಂಕ, ತಪ್ಪಿತಸ್ಥ ಭಾವದ ಕಡೆ.

ದೂರದೂರಲ್ಲಿದ್ದು ಮನೆಗೆ ಫೋನ್ ಮಾಡಿ ಇಟ್ಟಾಗ ಎದೆ ಭಾರವಾಗುತ್ತಲ್ಲ, ಆಗ ಇದನ್ನು ಕೇಳಿಕೊಳ್ಳಬಹುದು: ಈ ಆದರ್ಶ ನಮ್ಮದಾ, ಯಾರೋ ಕೊಟ್ಟಿದ್ದಾ? ಅದಕ್ಕೆ ನೂರು ಕಾರ್ಡು ಬೇಕಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.