ರೇಡಿಯೋದಲ್ಲಿ ಪೇಟೆ ಧಾರಣೆ: ಕೇಳಿದವರಿಗೆ ಲಾಭ, ಕೇಳದವರಿಗೆ?

ಗೋವಿನಜೋಳವನ್ನು ಒಕ್ಕಿ ಕಣದಲ್ಲಿ ರಾಶಿ ಹಾಕಿದ್ದೀರಿ. ಮನೆಬಾಗಿಲಿಗೆ ಬಂದ ವ್ಯಾಪಾರಿ "ಪೇಟೆಯಲ್ಲಿ ಧಾರಣೆ ಬಿದ್ದಿದೆ" ಎನ್ನುತ್ತಾನೆ. ಅದು ನಿಜವೋ ಸುಳ್ಳೋ ಎಂಬುದು ಅವನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಚೌಕಾಶಿಯಲ್ಲಿ ಸೋಲುವುದು ಇಲ್ಲಿಯೇ. ಬೇಸಾಯಶಾಸ್ತ್ರದವನಾದ ನಾನು ಸಾಮಾನ್ಯವಾಗಿ ಇಳುವರಿಯ ಮಾತು ಬರೆಯುವವನು. ಆದರೆ ಹೆಚ್ಚು ಬೆಳೆದುದನ್ನು ದರದಲ್ಲಿ ಕಳೆದುಕೊಂಡರೆ ದುಡಿದ ಫಲವೇನು?

ಉಗಾಂಡಾದ ಅನುಭವ

ಪೂರ್ವ ಆಫ್ರಿಕಾದ ಉಗಾಂಡಾದಲ್ಲಿಯೂ ಬಹುಪಾಲು ರೈತರು ಸಣ್ಣ ಹಿಡುವಳಿದಾರರು. ಗೋವಿನಜೋಳ ಅಲ್ಲಿಯ ಮುಖ್ಯ ಬೆಳೆಗಳಲ್ಲೊಂದು. 2000ನೇ ಇಸವಿಯಲ್ಲಿ ಅಲ್ಲಿ ಒಂದು ಹೊಸ ಏರ್ಪಾಡು ಬಂದಿತು. 21 ಜಿಲ್ಲೆಗಳ ಪೇಟೆ ಧಾರಣೆಯನ್ನು ಸಂಗ್ರಹಿಸಿ, ಸ್ಥಳೀಯ ಎಫ್.ಎಂ. ಕೇಂದ್ರಗಳ ಮೂಲಕ ಜನರ ಭಾಷೆಯಲ್ಲಿಯೇ ಬಿತ್ತರಿಸತೊಡಗಿದರು. ಹಾಡು, ಹರಟೆಗಳ ನಡುವೆ ಧಾರಣೆಯೂ ರೇಡಿಯೋದ ನಿತ್ಯದ ಕಾರ್ಯಕ್ರಮವಾಯಿತು.

ಫಲವನ್ನು ಅರ್ಥಶಾಸ್ತ್ರಜ್ಞರಾದ ಸ್ವೆನ್ಸನ್ ಮತ್ತು ಯಾನಗಿಜಾವಾ ಪರಿಶೀಲಿಸಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಈ ಜಿಲ್ಲೆಗಳಲ್ಲಿ ರೇಡಿಯೋ ಇದ್ದ ರೈತರಿಗೆ ಗೋವಿನಜೋಳಕ್ಕೆ ಹೊಲದ ಬಳಿಯೇ ಸುಮಾರು ಶೇ. 15ರಷ್ಟು ಹೆಚ್ಚಿನ ದರ ದೊರೆಯಿತು. ವ್ಯಾಪಾರಿ ಬದಲಾಗಲಿಲ್ಲ, ಬೆಳೆಯೂ ಬದಲಾಗಲಿಲ್ಲ. ಪೇಟೆಯ ದರ ಇಬ್ಬರಿಗೂ ತಿಳಿದುದರಿಂದ ಚೌಕಾಶಿಯ ತಕ್ಕಡಿ ಸಮನಾಯಿತು, ಅಷ್ಟೆ.

ನಾಣ್ಯದ ಇನ್ನೊಂದು ಮುಖ

ಇಲ್ಲಿಗೇ ನಿಂತರೆ ಕಥೆ ಅರ್ಧವಾದೀತು. ಅದೇ ವಿದ್ವಾಂಸರು ಮುಂದೆ ಲೆಕ್ಕವನ್ನು ಇನ್ನಷ್ಟು ವಿಸ್ತರಿಸಿ ನೋಡಿದರು. ಪ್ರಸಾರ ಲಕ್ಷಾಂತರ ರೈತರಿಗೆ ತಲುಪಿತ್ತು. ಒಳ್ಳೆಯ ದರ ಸಿಗುವುದೆಂದು ತಿಳಿದವರು ಹೆಚ್ಚು ಮಾಲು ಮಾರಿದರು. ಆವಕ ಹೆಚ್ಚಿದಂತೆ ನಗರದ ಪೇಟೆಯಲ್ಲಿ ಧಾರಣೆ ಇಳಿಯಿತು. ಆ ಇಳಿಕೆಯ ಪೆಟ್ಟು ಬಿದ್ದದ್ದು ಪ್ರಸಾರ ಕೇಳಲಾಗದವರ ಮೇಲೆ. ಅವರು ಮಾರುವುದನ್ನೇ ಕಡಿಮೆ ಮಾಡಿದರು, ಬೆಳೆಯಿಂದ ಬರುವ ಆದಾಯವೂ ಕುಗ್ಗಿತು. ಎಲ್ಲ ರೈತರನ್ನೂ ಸೇರಿಸಿ ಸರಾಸರಿ ನೋಡಿದರೆ ಆದಾಯ ಏರಲೇ ಇಲ್ಲ! ಒಬ್ಬ ರೈತನ ಲಾಭಕ್ಕೆ ಇನ್ನೊಬ್ಬ ರೈತನ ನಷ್ಟ ಎದುರಾಗಿ ನಿಂತಿತು.

ನಮ್ಮಲ್ಲಿ

ಕೃಷಿ ಸುದ್ದಿಯನ್ನು ರೇಡಿಯೋದಲ್ಲಿ ಕೇಳುವುದು ನಮಗೆ ಹೊಸದಲ್ಲ. ಆಕಾಶವಾಣಿಯ ಕೃಷಿರಂಗವನ್ನು ಕೇಳಿ ಬೆಳೆದವರು ನಾವು. ಸಮುದಾಯ ಬಾನುಲಿ ನಡೆಸಲು ಕೃಷಿ ವಿಶ್ವವಿದ್ಯಾನಿಲಯಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ 2006ರ ನೀತಿಯು ಅವಕಾಶ ನೀಡಿತು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ತನ್ನ ಸಮುದಾಯ ಬಾನುಲಿಯನ್ನು ಆರಂಭಿಸಿತು. ಈಗ ಧಾರಣೆ ಮೊಬೈಲಿನಲ್ಲಿಯೂ ಸಿಗುತ್ತದೆ. ಸಾಧನ ಯಾವುದೇ ಇರಲಿ, ಉಗಾಂಡಾದ ಪಾಠ ಅನ್ವಯಿಸುತ್ತದೆ.

ಆದ್ದರಿಂದ ತಾವು ಈ ಅಂಶಗಳನ್ನು ಗಮನದಲ್ಲಿಡಬೇಕು:

1. ಕೇಳಿದ ದರ ಯಾವ ದರ್ಜೆಯ ಮಾಲಿನದು ಎಂದು ತಿಳಿಯಿರಿ. ಗೋವಿನಜೋಳವನ್ನು ತೇವಾಂಶ ಶೇ. 14ಕ್ಕೆ ಇಳಿಯುವವರೆಗೆ ಒಣಗಿಸಿ. ಹಸಿ ಕಾಳಿಗೆ ಒಣ ಕಾಳಿನ ದರ ಸಿಗದು.

2. ಪೇಟೆಯ ದರದಲ್ಲಿ ಸಾಗಾಣಿಕೆ, ಹಮಾಲಿ, ಚೀಲದ ಖರ್ಚು ಕಳೆಯಿರಿ. ಉಳಿದುದನ್ನು ಮನೆಬಾಗಿಲಿನ ದರದೊಂದಿಗೆ ಹೋಲಿಸಿ.

3. ಒಂದು ದಿನದ ಏರಿಕೆಗೆ ಮರುಳಾಗಿ ಎಲ್ಲರೂ ಒಟ್ಟಿಗೆ ಪೇಟೆಗೆ ಓಡಬೇಡಿ. ಅನುಕೂಲವಿದ್ದರೆ ಮಾಲನ್ನು ಉಗ್ರಾಣದಲ್ಲಿಟ್ಟು ಕಂತುಗಳಲ್ಲಿ ಮಾರಿ.

4. ಕೇಳಿದ ಧಾರಣೆಯನ್ನು ನೆರೆಯವರಿಗೂ ತಿಳಿಸಿ. ಸಂಘದ ಕಟ್ಟೆಯ ಹಲಗೆಯ ಮೇಲೆ ದಿನವೂ ಬರೆಯಿರಿ. ಸಾಧ್ಯವಿದ್ದಲ್ಲಿ ಕೂಡಿ ಮಾರಿ.

ಕೊನೆಯ ಅಂಶವೇ ಮುಖ್ಯವಾದುದು. ಪೈಪೋಟಿ ನಡೆಯಬೇಕಾದುದು ಕೊಳ್ಳುವವರ ನಡುವೆ, ಬದು ಹಂಚಿಕೊಂಡ ಇಬ್ಬರು ರೈತರ ನಡುವೆ ಅಲ್ಲ. ಇಂದು ಸಂಜೆ ಧಾರಣೆ ಕೇಳಿದ ಮೇಲೆ, ಕೇಳದ ಒಬ್ಬರಿಗಾದರೂ ಅದನ್ನು ಮುಟ್ಟಿಸಿರಿ.